ಬೀದಿಯೇ ಕನ್ನಡಿಯಾಗಿದ್ದ ಅಂಗಡಿ

ನಾನು ಶಾಲೆಯ ಕೆಲಸಕ್ಕೆ ಸೇರಬೇಕಾಗಿದ್ದ ದಿನದ ಹಿಂದಿನ ಮಧ್ಯಾಹ್ನ ವಾರೆಯಣ್ಣನವರ ಅಂಗಡಿಯನ್ನು ಮೊದಲ ಸಲ ಹೊಕ್ಕೆ. ಊರು ನನಗೆ ಹೊಸದು, ಕೂದಲು ಮಾತ್ರ ಎರಡು ತಿಂಗಳ ಹಳೆಯದು. ಮುಖ್ಯೋಪಾಧ್ಯಾಯರ ಮುಂದೆ ಕಿವಿ ಮುಚ್ಚಿದ ತಲೆ ಹೊತ್ತು ನಿಲ್ಲುವುದು ಬೇಡವೆಂದು, ಶಾಲೆಯ ಗೋಡೆಗೆ ಒರಗಿಕೊಂಡಂತಿದ್ದ ಆ ಒಂಟಿ ಬಾಗಿಲಿನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತೆ. ಕುಳಿತ ಮೇಲೆ ಏನೋ ಕಡಿಮೆಯೆನಿಸಿತು. ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಮೊಳೆಯಲ್ಲಿ ಕತ್ತಿ ಮಸೆಯುವ ತೊಗಲಿನ ಪಟ್ಟಿ, ಹಲಗೆಯ ಮೇಲೆ ಬಾಚಣಿಗೆ, ಬ್ರಷ್ಷು, ಸೋಪಿನ ಬಟ್ಟಲು. ಎಲ್ಲವೂ ಇದ್ದವು, ಕನ್ನಡಿ ಇರಲಿಲ್ಲ. ಅಂಗೈಯಗಲದ್ದು ಕೂಡ ಇರಲಿಲ್ಲ. ಕುರ್ಚಿ ಗೋಡೆಯ ಕಡೆಗಲ್ಲದೆ ಬೀದಿಯ ಕಡೆಗೆ ತೆರೆದಿದ್ದ ದೊಡ್ಡ ಕಿಟಕಿಗೆ ಮುಖ ಮಾಡಿತ್ತು.

ಮೂವತ್ತೈದರ ಆಸುಪಾಸಿನ, ತೆಳ್ಳಗೆ ಎತ್ತರವಾಗಿದ್ದ ಅಂಗಡಿಯವರು ನನ್ನ ಕೊರಳಿಗೆ ಬಿಳಿಯ ಬಟ್ಟೆ ಕಟ್ಟಿದರು. ಆಮೇಲೆ ಮುಖವನ್ನು ಬಲಕ್ಕೆ ತಿರುಗಿಸಿ, ಎಡಗಣ್ಣನ್ನು ಮುಂದಿಟ್ಟು, ಕೋಳಿ ಕಾಳನ್ನು ನೋಡುವ ಹಾಗೆ ನನ್ನನ್ನು ನೋಡಿದರು.

“ಮೇಷ್ಟ್ರು ಅಲ್ವಾ?” ಎಂದರು.

ಹೇಗೆ ತಿಳಿಯಿತೆಂದು ಕೇಳಿದೆ.

“ತಲೆ ಹೇಳುತ್ತೆ. ಬಗ್ಗಿಸಿ ಅಂದ ಕಡೆ ಬಗ್ಗಲ್ಲ.”

ಕತ್ತರಿಯ ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಮುಗಿಯುತ್ತಿದ್ದಂತೆ ನಾನು ಎದ್ದೇಳಹೋದೆ. ಅವರು ಭುಜ ಒತ್ತಿ ಕೂರಿಸಿದರು. ಅಷ್ಟರಲ್ಲಿ ತರಕಾರಿ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಕಿಟಕಿಯ ಬಳಿ ನಿಂತು, ನನ್ನನ್ನು ಬದನೆಕಾಯಿ ಆರಿಸುವ ಹಾಗೆ ಹಿಂದೆ ಮುಂದೆ ನೋಡಿ, “ಎಡಗಿವಿ ಹಿಂದೆ ಒಂದು ಪೊದೆ ಉಳ್ಕೊಂಡಿದೆ ನೋಡಣ್ಣ” ಎಂದು ಹೇಳಿ ಹೋದಳು. ಕತ್ತರಿ ಆ ಪೊದೆಯನ್ನು ಹುಡುಕಿ ತೆಗೆಯಿತು. ಆಮೇಲೆ ಬಂದ ಅಂಚೆಯವನು ತಲೆಯಾಡಿಸಿದ. ಅವನ ಹಿಂದೆ ಬಂದ ಮುದುಕರು ಸೈಕಲ್ಲಿನಿಂದ ಇಳಿಯದೆಯೇ, “ಪರವಾಗಿಲ್ಲ, ಈಗ ಮನುಷ್ಯನ ಹಾಗೆ ಕಾಣ್ತಾರೆ” ಎಂದರು. ಇನ್ನೂ ಒಬ್ಬರು ಒಪ್ಪಬೇಕಾಗಿತ್ತು. ಆ ಅಂಗಡಿಯ ಕಾನೂನು ಅದು: ದಾರಿಹೋಕರಲ್ಲಿ ಮೂವರು ಸರಿಯೆಂದ ಮೇಲೆಯೇ ಕೊರಳಿನ ಬಟ್ಟೆ ಬಿಚ್ಚುವುದು.

ನನಗೆ ಸಿಟ್ಟು ಬಂದಿತ್ತು. ಒಂದು ಕನ್ನಡಿ ಇಟ್ಟರೆ ಈ ಪಂಚಾಯಿತಿ ತಪ್ಪುವುದಲ್ಲ ಎಂದೆ.

“ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಷ್ಟ್ರೇ? ಕನ್ನಡಿಯಲ್ಲಿ ನೋಡ್ಕೊಂಡ್ರೆ ಎಲ್ರೂ ತಮ್ಮನ್ನ ತಾವೇ ಮೆಚ್ಕೊಂಡು ಎದ್ದು ಹೋಗ್ತಾರೆ. ಬೀದಿ ಹಾಗಲ್ಲ. ಬೀದಿಗೆ ದಾಕ್ಷಿಣ್ಯ ಇಲ್ಲ.”

ಆ ಮಾತು ನಿಜವಾಗಿತ್ತು. ಮುಂದೆ ಇಂದಿನವರೆಗೂ ನಾನು ಬೇರೆ ಕ್ಷೌರದಂಗಡಿಯ ಮುಖ ನೋಡಲಿಲ್ಲ.

ವಾರೆಯಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ವಾರೆಯಾಗಿ ನೋಡುತ್ತಾರೆಂದು ನಮ್ಮ ಶಾಲೆಯ ಮಕ್ಕಳು ಇಟ್ಟದ್ದು. ಮಕ್ಕಳು ಇಟ್ಟ ಹೆಸರಿಗೆ ಮೇಲ್ಮನವಿ ಇಲ್ಲ; ನನಗೂ ಒಂದು ಇಟ್ಟಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಹೆಸರಿನ ಮೇಲೆ ಮುನಿಸಿರಲಿಲ್ಲ. ಯಾರಾದರೂ ಕಣ್ಣಿಗೆ ಏನಾಯಿತೆಂದು ಕೇಳಿದರೆ, ಹೆಂಡತಿಯ ಕಡೆ ಕೈ ತೋರಿಸಿ, ಮದುವೆಯ ದಿನ ಇವಳನ್ನು ನೇರವಾಗಿ ನೋಡುವ ಧೈರ್ಯವಾಗಲಿಲ್ಲ, ಅದೇ ಅಭ್ಯಾಸವಾಗಿ ಉಳಿಯಿತು ಎನ್ನುತ್ತಿದ್ದರು. ಅತ್ತಿಗೆ (ನಾನು ಅವರನ್ನು ಹಾಗೆಯೇ ಕರೆಯುತ್ತಿದ್ದೆ) ಒಳಗಿನಿಂದಲೇ, “ಆ ಪುಣ್ಯ ನನ್ನದು” ಎನ್ನುತ್ತಿದ್ದರು.

ಅಂಗಡಿಯ ಹಿಂದೆಯೇ ಮನೆ. ಹಿತ್ತಿಲಿನಲ್ಲಿ ಮೊಲದ ಗೂಡು. ಬಿಳಿಯವು ಎರಡು, ಬೂದುಬಣ್ಣದ್ದು ಒಂದು. ಗೂಡಿನ ಬಾಯಿ ಅಂಗಳದ ಕಡೆಗಿರದೆ ಗೋಡೆಯ ಕಡೆಗಿತ್ತು. ಹುಲ್ಲು ಹಾಕಬೇಕಾದರೆ ಗೋಡೆಗೂ ಗೂಡಿಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ನುಸುಳಬೇಕಾಗಿತ್ತು. ಯಾಕೆ ಹೀಗೆ ತಲೆಕೆಳಗು ಮಾಡಿದ್ದೀರೆಂದು ಕೇಳಿದ್ದಕ್ಕೆ, ಮೊಲಗಳಿಗೆ ನೆರಳಿರಲಿ ಎಂದಷ್ಟೇ ಹೇಳಿದರು. ಅವರ ಒಬ್ಬಳೇ ಮಗಳು ನನ್ನ ತರಗತಿಯಲ್ಲಿದ್ದಳು. ಸಂಧಿಯೆಂದರೆ ನಿದ್ದೆ ಬರುತ್ತಿತ್ತು ಅವಳಿಗೆ. ಮುಂದಿನ ಸಾಲಿನ ಹುಡುಗಿಯ ಜಡೆ ಬಿಚ್ಚಿ ಹೊಸದಾಗಿ ಹೆಣೆಯುವುದರಲ್ಲಿ ಮಾತ್ರ ಪೂರ್ತಿ ಎಚ್ಚರವಿರುತ್ತಿತ್ತು.

ನಾನು ಸೇರಿದ ಎಂಟನೆಯ ವರ್ಷ ಸೂರ್ಯಗ್ರಹಣವೊಂದು ಬಂತು. ನಾನು ಭಾಷೆಯ ಮೇಷ್ಟ್ರು. ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದುದರಿಂದ ಆ ಕೆಲಸವನ್ನು ಹುರುಪಿನಿಂದ ಮೈಮೇಲೆ ಎಳೆದುಕೊಂಡೆ. ಮಕ್ಕಳಿಂದ ಒಡಕು ಗಾಜಿನ ಚೂರುಗಳನ್ನು ತರಿಸಿ, ದೀಪದ ಹೊಗೆಗೆ ಹಿಡಿಸಿ, ಕಪ್ಪಾದ ಗಾಜಿನೊಳಗಿಂದ ಸೂರ್ಯನನ್ನು ನೋಡಬಹುದೆಂದು ಹೇಳಿ, ಬೆಳಿಗ್ಗೆ ಹತ್ತರ ಹೊತ್ತಿಗೆ ನಲವತ್ತು ಮಕ್ಕಳನ್ನು ಆಟದ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದೆ. ಗಾಜು ಎತ್ತಿ ಎಂದು ಇನ್ನೇನು ಹೇಳಬೇಕು, ಅಷ್ಟರಲ್ಲಿ ಗೇಟು ದಾಟಿ ವಾರೆಯಣ್ಣ ಓಡಿ ಬಂದರು. ಅವರ ಹಿಂದೆ, ಅರ್ಧ ಗಡ್ಡಕ್ಕೆ ಸೋಪಿನ ನೊರೆ ಹೊತ್ತ ಗಿರಾಕಿಯೊಬ್ಬ ಬಟ್ಟೆ ಹಾರಿಸಿಕೊಂಡು ಓಡಿ ಬಂದ. ಮಕ್ಕಳು ನಕ್ಕರು. ವಾರೆಯಣ್ಣ ನಗಲಿಲ್ಲ.

“ಮೇಷ್ಟ್ರೇ, ತಿರುಗಿಸಿ. ಎಲ್ರನ್ನೂ ಆ ಕಡೆ ತಿರುಗಿಸಿ. ಮಕ್ಕಳ ಕಣ್ಣೇನು ನಿಮ್ಮಪ್ಪನ ಆಸ್ತಿನಾ?”

ನಲವತ್ತು ಮಕ್ಕಳ ಮುಂದೆ ಆ ಮಾತು. ನನ್ನ ಕಿವಿ ಕೆಂಪಾಯಿತು. ಅವರು ಅದನ್ನು ಲೆಕ್ಕಿಸದೆ ಗಾಜಿನ ಚೂರುಗಳನ್ನೆಲ್ಲ ತಮ್ಮ ಮುಂಬಟ್ಟೆಯ ಮಡಿಲಿಗೆ ತುಂಬಿಕೊಂಡರು. ಆಮೇಲೆ ಮಕ್ಕಳನ್ನು ಬಯಲಿನ ಮೂಲೆಯ ಮರದಡಿಗೆ ಕರೆದುಕೊಂಡು ಹೋಗಿ, ನೆಲ ನೋಡಿ ಎಂದರು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಎಂದಿನಂತೆ ದುಂಡಗಿರಲಿಲ್ಲ. ನೆರಳಿನ ತುಂಬ ನೂರಾರು ಪುಟ್ಟ ಪುಟ್ಟ ಕುಡುಗೋಲುಗಳು ಬಿದ್ದಿದ್ದವು. ಒಂದೊಂದೂ ಕಚ್ಚಿದ ಸೂರ್ಯನೇ. ಮಕ್ಕಳು ಅವನ್ನು ಅಂಗೈಯಲ್ಲಿ ಹಿಡಿದು ನೋಡಿದರು. ತಲೆಯೆತ್ತದೆ ಗ್ರಹಣ ನೋಡುವುದನ್ನು ನಾನು ಕಲಿತದ್ದು ಹಾಗೆ.

ಸಂಜೆ ಶಾಲೆ ಬಿಟ್ಟ ಮೇಲೆ ಕ್ಷಮೆ ಕೇಳಲೆಂದು ಹೋದೆ. ಅವರೂ ಕ್ಷಮೆ ಕೇಳಲೆಂದೇ ಹೊರಟಿದ್ದರಂತೆ; ಇಬ್ಬರೂ ಅಂಗಡಿಯ ಹೊಸ್ತಿಲಲ್ಲಿ ಡಿಕ್ಕಿ ಹೊಡೆದೆವು. ಅತ್ತಿಗೆ ಚಹಾ ತಂದಿಟ್ಟು, “ಹೇಳಿಬಿಡಿ ಅತ್ಲಾಗೆ. ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಯಾರನ್ನು ಉದ್ಧಾರ ಮಾಡಿದ್ರಿ?” ಎಂದು ಗಂಡನಿಗೆ ಹೇಳಿ ಒಳಗೆ ಹೋದರು. ಅಂದು ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರು ಸೈನ್ಯದ ಕ್ಷೌರಿಕರಾಗಿದ್ದರು. ಒಂದು ಸಲ ಅವರ ತುಕಡಿಯನ್ನು ಮರಳುಗಾಡೊಂದಕ್ಕೆ ಕರೆದೊಯ್ದರು. ಇಪ್ಪತ್ತು ಮೈಲಿ ಆಚೆ ಒಂದು ಗೋಪುರದ ತುದಿಯಲ್ಲಿ ಅಣುಬಾಂಬು ಇಟ್ಟಿದ್ದಾರೆ, ಬೆಳಕು ಹರಿಯುವ ಮುನ್ನ ಸಿಡಿಸುತ್ತಾರೆ ಎಂದು ಹೇಳಿದರು. ಧ್ವನಿವರ್ಧಕದಲ್ಲಿ ಹತ್ತರಿಂದ ಕೆಳಗೆ ಎಣಿಸುತ್ತಾರೆ. ಎಣಿಕೆ ಶುರುವಾದೊಡನೆ ಎಲ್ಲರೂ ಆ ಕಡೆಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ತೋಳನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಇದು ಆಜ್ಞೆ. ದೊಡ್ಡ ಅಧಿಕಾರಿಗಳಿಗೆ ಕಪ್ಪು ಕನ್ನಡಕವಿತ್ತು. ಕನ್ನಡಕವೂ ಇಲ್ಲದೆ, ಬೆನ್ನೂ ಹಾಕದೆ ಕೂತವು ಮೊಲಗಳು ಮಾತ್ರ. ಬೆಳಕು ಕಣ್ಣನ್ನು ಏನು ಮಾಡುತ್ತದೆಂದು ತಿಳಿಯಲು ಮೊಲಗಳನ್ನು ಪೆಟ್ಟಿಗೆಗಳಲ್ಲಿ, ಮುಖ ಆಚೆಗಿರುವಂತೆ ಕೂರಿಸಿ, ತಲೆ ತಿರುಗಿಸಲಾಗದ ಹಾಗೆ ಬಿಗಿದಿದ್ದರು. ಹಿಂದಿನ ಸಂಜೆ ಅವಕ್ಕೆ ಸೊಪ್ಪು ಹಾಕಿದವರು ಇವರೇ.

ಅಂದು ಬೆಳಗಿನ ಜಾವ ಯಾರೋ ಮೇಲಧಿಕಾರಿಗೆ ಗಡ್ಡ ಕೆರೆದು, ಲಾರಿಯೊಂದರ ಪಕ್ಕದಲ್ಲಿ ಸಾಮಾನು ಒರೆಸಿಕೊಳ್ಳುತ್ತಿದ್ದಾಗ ಎಣಿಕೆ ಶುರುವಾಯಿತು. ಇವರು ಬೆನ್ನು ಹಾಕಿ ನಿಂತರು. ಬಲಗೈಯಲ್ಲಿ ಬಿಚ್ಚಿದ ಕತ್ತಿ. ಅದನ್ನು ಮುಖದ ಹತ್ತಿರ ತರುವುದುಂಟೇ? ಹಾಗಾಗಿ ಎಡತೋಳನ್ನು ಎಡಗಣ್ಣಿಗೆ ಒತ್ತಿ, ಬಲಗಣ್ಣನ್ನು ಬರಿದೆ ಬಿಗಿಯಾಗಿ ಮುಚ್ಚಿಕೊಂಡರು. ಕಣ್ಣೆದುರು, ಗೇಣುದೂರದಲ್ಲಿ, ಲಾರಿಯ ಬಾಗಿಲಿಗೆ ತಾವೇ ನೇತುಹಾಕಿದ್ದ ಕ್ಷೌರದ ಕನ್ನಡಿಯಿತ್ತು.

“ಒಂದು ಅಂದ್ರು. ಏನೂ ಆಗ್ಲಿಲ್ಲ. ಕೆಟ್ಟುಹೋಯ್ತೇನೋ ಅಂದ್ಕೊಂಡೆ. ಎಂಟನೇ ವಯಸ್ಸಿಂದ ಕನ್ನಡಿ ಮುಂದೆ ನಿಂತು ಕೆಲಸ ಮಾಡಿದವನು ನಾನು, ಮೇಷ್ಟ್ರೇ. ಹಿಂದೆ ಏನಾಗ್ತಿದೆ ಅಂತ ತಿಳ್ಕೋಬೇಕಾದ್ರೆ ತಿರುಗಲ್ಲ, ಕನ್ನಡಿ ನೋಡ್ತೀನಿ. ಕಣ್ಣು ತಾನಾಗೇ ತೆರೀತು.”

ಬೆಳಕು ಬಂದದ್ದು ಆಗಲೇ. ಸದ್ದಿಲ್ಲದ ಬೆಳಕು. ಸದ್ದು ಒಂದೂವರೆ ನಿಮಿಷ ತಡವಾಗಿ ಬಂತಂತೆ. ಮೊದಲು ಎಲ್ಲವೂ ಬಿಳಿ, ಆಮೇಲೆ ಎಲ್ಲವೂ ಕಪ್ಪು. ಕನ್ನಡಿ ಒಡೆದು ಕಣ್ಣಿಗೆ ಬಿತ್ತೆಂದು ಕೆನ್ನೆ ಸವರಿಕೊಂಡರು. ರಕ್ತವಿರಲಿಲ್ಲ, ನೋವೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಲಾರಿಯ ಚಕ್ರ ಕಂಡಿತು, ಬಾಗಿಲಿನ ಅಂಚು ಕಂಡಿತು, ಅಂಚಿನಿಂದ ನಡುವಿನ ಕಡೆಗೆ ನೋಟ ಮರಳಿ ಬಂತು. ನಡುವಿಗೆ ಮಾತ್ರ ಬರಲಿಲ್ಲ. ತೋಳುದ್ದಕ್ಕೆ ಹಿಡಿದ ನಾಣ್ಯದಷ್ಟಗಲದ ಒಂದು ಬೂದು ಕಲೆ ಬಲಗಣ್ಣಿನ ನಟ್ಟನಡುವೆ ಕೂತುಬಿಟ್ಟಿತು. ಎಡಗಣ್ಣು ಮುಚ್ಚಿದರೆ, ಎದುರು ಕೂತವನಿಗೆ ಮೂಗಿಲ್ಲ. ಬೀದಿಯಾಚೆ ನಿಂತವನಿಗೆ ತಲೆಯೇ ಇಲ್ಲ.

ಶಿಬಿರದ ವೈದ್ಯರು ಎರಡು ನಿಮಿಷ ನೋಡಿ, ಆಜ್ಞೆ ಮೀರಿದ್ದರಿಂದ ಆದ ಗಾಯವೆಂದು ಬರೆದರು. ಬೆನ್ನು ಹಾಕಿಯೇ ನಿಂತಿದ್ದೆ ಸಾರ್ ಎಂದು ಇವರು ಹೇಳಿದರು. ಹಾಗಿದ್ದ ಮೇಲೆ ಕಣ್ಣು ಹೇಗೆ ಸುಟ್ಟಿತೆಂದು ಅವರು ಕೇಳಲಿಲ್ಲ. ಕನ್ನಡಿಯ ಸುದ್ದಿಯನ್ನು ಇವರು ನಾಚಿಕೆಯಿಂದ ಹೇಳಲಿಲ್ಲ. ಅದೇ ವೈದ್ಯರು ಆಮೇಲೆ ಮೊಲಗಳನ್ನು ಒಂದೊಂದಾಗಿ ತೊಡೆಯ ಮೇಲೆ ಕೂರಿಸಿಕೊಂಡು, ಒಂದೊಂದರ ಕಣ್ಣನ್ನೂ ಅರ್ಧ ಗಂಟೆ ನೋಡಿದರಂತೆ.

“ಆವತ್ತು ಮೊಲ ಆಗಿ ಹುಟ್ಟಿದ್ರೆ ಚೆನ್ನಾಗಿತ್ತು ಅನ್ನಿಸ್ತು,” ಎಂದು ನಕ್ಕು, ಕೂಡಲೇ, “ಇಲ್ಲ ಬಿಡಿ. ಅವಕ್ಕೆ ಆಮೇಲೆ ಏನಾಯ್ತೋ” ಎಂದರು.

ಗೂಡಿನ ಬಾಯಿ ಗೋಡೆಯ ಕಡೆಗೆ ಯಾಕಿತ್ತೆಂದು ನಾನು ಮತ್ತೆ ಕೇಳಲಿಲ್ಲ. ಕನ್ನಡಿಯ ವಿಷಯವನ್ನೂ ಕೇಳಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಸೈನ್ಯ ಬಿಡುವಾಗ ಸಹಿ ಮಾಡಿಸಿಕೊಂಡಿದ್ದರಂತೆ. ಆದರೆ ಅವರ ಬಾಯಿ ಕಟ್ಟಿದ್ದು ಸಹಿಯಲ್ಲ. ಇಡೀ ತುಕಡಿಯಲ್ಲಿ ತಾನೊಬ್ಬನೇ ದಡ್ಡ, ಕಣ್ಣು ತೆರೆದು ಕೆಟ್ಟವನು ಎಂಬ ಒಂದು ಮುಳ್ಳು ಅವರೊಳಗೆ ಮುರಿದು ಕೂತಿತ್ತು.

ವರ್ಷಗಳು ಉರುಳಿದವು. ಮಗಳು ಓದು ಮುಗಿಸಿ, ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಕೆಲಸ ಹಿಡಿದಳು. ಅಲ್ಲಿ ಕನ್ನಡಿ ಇತ್ತು. ಅಪ್ಪ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ವಾರೆಯಣ್ಣನಿಗೆ ಅರವತ್ತು ದಾಟಿತು. ಎಡಗಣ್ಣು, ಆ ಒಂದೇ ಒಳ್ಳೆಯ ಕಣ್ಣು, ಮೆಲ್ಲಮೆಲ್ಲಗೆ ಮಂಜಾಗತೊಡಗಿತು.

ಮೊದಲು ತಿಳಿದದ್ದು ನನ್ನ ಹೆಂಡತಿಗೆ. ನಾನು ಕ್ಷೌರ ಮುಗಿಸಿ ಬಂದಾಗ ಅವಳು ನನ್ನ ಎರಡು ಕೃತಾಗಳನ್ನೂ ನೋಡಿ, ಒಂದು ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ ಯಾಕಿದೆಯೆಂದು ಕೇಳಿ, ಹೊಲಿಗೆಯ ಕತ್ತರಿ ತಂದು ಸಮ ಮಾಡಿದಳು. ಮುಂದಿನ ತಿಂಗಳೂ ಹಾಗೆಯೇ ಆಯಿತು. ಮೆಲ್ಲಗೆ ವಿಚಾರಿಸಿದರೆ, ಬೀದಿಯ ಎಲ್ಲ ಮನೆಗಳಲ್ಲೂ ಹೊಲಿಗೆಯ ಕತ್ತರಿಗೆ ಅದೇ ಕೆಲಸ. ಆ ವರ್ಷದ ಶಾಲೆಯ ಗುಂಪುಚಿತ್ರ ನನ್ನ ಬಳಿ ಇನ್ನೂ ಇದೆ. ಚಿತ್ರದ ಹಿಂದಿನ ದಿನವಷ್ಟೇ ಗಂಡಸರೆಲ್ಲ ಒಟ್ಟಾಗಿ ವಾರೆಯಣ್ಣನಲ್ಲಿಗೆ ಹೋಗಿದ್ದೆವು, ಮನೆಯ ಕತ್ತರಿಗಳಿಗೆ ಪುರಸೊತ್ತಾಗಿರಲಿಲ್ಲ. ಮುಖ್ಯೋಪಾಧ್ಯಾಯರಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಹನ್ನೊಂದು ತಲೆಗಳೂ ಗಾಳಿಗೆ ಸಿಕ್ಕ ಗಿಡಗಳ ಹಾಗೆ ಒಂದೇ ಕಡೆಗೆ ವಾಲಿವೆ.

ಯಾರೂ ಅವರಿಗೆ ಹೇಳಲಿಲ್ಲ. ತಪ್ಪು ಇರುವುದು ಇಲ್ಲೇ. ದಾಕ್ಷಿಣ್ಯವಿಲ್ಲದ ಬೀದಿ ದಾಕ್ಷಿಣ್ಯ ಕಲಿತುಬಿಟ್ಟಿತು. ತರಕಾರಿಯಾಕೆ ಈಗ ಕಿಟಕಿಯಲ್ಲಿ ನಿಂತು, “ಭಾಳ ಚೆನ್ನಾಗಿದೆ ಅಣ್ಣ” ಎನ್ನುತ್ತಿದ್ದಳು. ಅಂಚೆಯವನು ನೋಡುವ ಮೊದಲೇ ತಲೆಯಾಡಿಸುತ್ತಿದ್ದ. ಮೂವರ ಒಪ್ಪಿಗೆ ಮೂರು ನಿಮಿಷದಲ್ಲಿ ಸಿಗುತ್ತಿತ್ತು. ವಾರೆಯಣ್ಣ ಖುಷಿಯಾಗಿದ್ದರು. ವಯಸ್ಸಾದಂತೆ ಕೈ ಪಳಗುತ್ತಿದೆ ಎಂದು ನನ್ನೊಡನೆ ಹೇಳಿಕೊಂಡರು. ನಾನು ಹೌದೆಂದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡಿದವನು ಹೌದೆಂದೆ.

ಒಂದು ಬೆಳಿಗ್ಗೆ ಕುರ್ಚಿಯಲ್ಲಿ ನಾನೇ ಇದ್ದೆ. ಇಬ್ಬರು ಒಪ್ಪಿ ಹೋಗಿದ್ದರು. ಮೂರನೆಯವನಾಗಿ ಕಿಟಕಿಯ ಬಳಿ ನಿಂತವನು ಊರಿಗೆ ಹೊಸಬ, ಬಸ್ಸಿಗೆ ಕಾಯುತ್ತಿದ್ದ ಪ್ರಯಾಣಿಕ. ಹೇಗಿದೆ ಎಂದು ವಾರೆಯಣ್ಣ ಎಂದಿನಂತೆ ಕೇಳಿದರು.

“ಏನು ಯಜಮಾನ್ರೇ, ಒಂದು ಕಡೆ ಮೇಯಿಸಿ ಇನ್ನೊಂದು ಕಡೆ ಬೇಲಿ ಹಾಕಿದ್ದೀರಾ?” ಎಂದು ಆತ ನಕ್ಕ. ಬಸ್ಸು ಬಂತು, ಹತ್ತಿ ಹೋದ.

ವಾರೆಯಣ್ಣ ಕತ್ತರಿ ಕೆಳಗಿಟ್ಟರು. ಎರಡು ತೋರುಬೆರಳುಗಳಿಂದ ನನ್ನ ಎರಡು ಕೃತಾಗಳ ತುದಿಯನ್ನೂ ಒಟ್ಟಿಗೆ ಮುಟ್ಟಿದರು. ಒಂದು ಬೆರಳು ಮೇಲೆ, ಒಂದು ಬೆರಳು ಕೆಳಗೆ. ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದರು.

“ಎಷ್ಟು ದಿನದಿಂದ ಮೇಷ್ಟ್ರೇ?”

ನಾನು ತಲೆ ಬಗ್ಗಿಸಿದೆ.

“ಬೀದಿಯೂ ಸುಳ್ಳು ಹೇಳಿದ ಮೇಲೆ ನಾನು ಯಾವುದರಲ್ಲಿ ನೋಡ್ಕೊಳ್ಲಿ?”

ನನ್ನ ಕೊರಳಿನ ಬಟ್ಟೆ ಬಿಚ್ಚಿ, ಕೂದಲು ಕೊಡವಿ, ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲಿಟ್ಟರು. ಅಂದು ಮುಚ್ಚಿದ ಬಾಗಿಲು ಹದಿನೈದು ದಿನ ತೆರೆಯಲಿಲ್ಲ. ಕನಿಕರಕ್ಕೆ ತಲೆ ಕೊಡುವವರ ಮೇಲೆ ತಾನು ಕತ್ತಿ ಹಿಡಿಯುವುದಿಲ್ಲ ಎಂದರಂತೆ. ಕೆಲಸ ಬಿಟ್ಟರೆ ಬದುಕುವ ಮನುಷ್ಯರಲ್ಲ ಅವರು. ಹಿತ್ತಿಲಿನಲ್ಲಿ ಮೊಲದ ಗೂಡಿನ ಪಕ್ಕ ಕೂತು, ಕೈಬೆರಳುಗಳನ್ನು ಕತ್ತರಿಯಾಡಿಸುವ ಹಾಗೆ ಆಡಿಸುತ್ತಿರುತ್ತಾರೆಂದು ಅತ್ತಿಗೆ ಬಂದು ಹೇಳಿ ಕಣ್ಣೊರೆಸಿಕೊಂಡರು.

ಮಗಳೂ ನಾನೂ ಸೇರಿ, ಒಬ್ಬರು ಬಲಗೈ ಒಬ್ಬರು ಎಡಗೈ ಹಿಡಿದು, ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಅವಸರವಿಲ್ಲದವರು. ಎಡಗಣ್ಣಿಗೆ ಪೊರೆ ಬಂದಿದೆ, ತೆಗೆದರೆ ನೋಟ ಮರಳುತ್ತದೆ ಎಂದರು. ವಾರೆಯಣ್ಣ ಕೇಳಿದ್ದು ಒಂದೇ ಪ್ರಶ್ನೆ, ತೆಗೆಯುವಾಗ ಬೆಳಕು ಹಾಕುತ್ತೀರಾ ಎಂದು. ಹೌದು, ಮೇಲಿನಿಂದ ಬೆಳಕು ಬೀಳುತ್ತದೆ, ನೀವು ಅದನ್ನೇ ನೋಡುತ್ತಿರಬೇಕಾಗುತ್ತದೆ ಎಂದು ಅವರು ಉತ್ತರಿಸಿದರು.

ವಾರೆಯಣ್ಣ ಎದ್ದು ನಿಂತರು. ಇರುವುದು ಒಂದೇ ಕಣ್ಣು. ಮಂಜಾದರೂ ಮಗಳ ಮುಖದ ಅಂದಾಜು ಸಿಗುತ್ತದೆ, ಅದನ್ನೂ ಕಳೆದುಕೊಳ್ಳಲಾರೆ ಎಂದು ಹೇಳಿ ಬಾಗಿಲಿನ ಕಡೆ ಹೊರಟರು. ಆಗ ಡಾಕ್ಟರಮ್ಮ, ಬಲಗಣ್ಣಿಗೆ ಏನಾಗಿತ್ತು ಎಂದು ಕೇಳಿದರು. ಕೇಳಿದ ಬಗೆಯಲ್ಲಿ ಏನಿತ್ತೋ, ಅವರು ಮರಳಿ ಬಂದು ಕೂತು ಎಲ್ಲವನ್ನೂ ಹೇಳಿದರು. ಮಗಳು ಆ ಕಥೆ ಕೇಳಿದ್ದು ಅಂದೇ ಮೊದಲು. ಕನ್ನಡಿಯ ಮಾತಿಗೆ ಬಂದಾಗ ಅವರ ದನಿ ತಗ್ಗಿತು.

ಡಾಕ್ಟರಮ್ಮ ಬಲಗಣ್ಣಿಗೆ ಔಷಧಿಯ ಹನಿ ಹಾಕಿ, ಅರ್ಧ ಗಂಟೆ ಕಾಯಿಸಿ, ಆಮೇಲೆ ಇನ್ನೂ ಅರ್ಧ ಗಂಟೆ ನೋಡಿದರು. ಮೊಲಕ್ಕೆ ಸಿಕ್ಕಿದ್ದ ಮರ್ಯಾದೆ ಕೊನೆಗೂ ತಮಗೆ ಸಿಕ್ಕಿತೆಂದು ವಾರೆಯಣ್ಣ ನನ್ನ ಕಿವಿಯಲ್ಲಿ ಹೇಳಿದರು. ಡಾಕ್ಟರಮ್ಮ ಒಂದು ಚೀಟಿಯ ಮೇಲೆ ಕಣ್ಣಿನ ಚಿತ್ರ ಬರೆದು ತೋರಿಸಿದರು.

“ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಡೋದು ನೋಡಿದ್ದೀರಲ್ಲ ಅಜ್ಜ? ನಿಮ್ಮ ಕಣ್ಣಲ್ಲೂ ಒಂದು ಭೂತಗನ್ನಡಿ ಇದೆ. ಆ ಬೆಂಕಿಯುಂಡೆಯ ಚಿತ್ರವನ್ನ ಅದು ಹಿಂದಿನ ಪರದೆಯ ಮೇಲೆ ಒಂದು ಚುಕ್ಕೆಯಾಗಿ ಕೂರಿಸ್ತು. ದೂರ ಇದ್ದಷ್ಟೂ ಚುಕ್ಕೆ ಚಿಕ್ಕದಾಗುತ್ತೆ, ಆದ್ರೆ ಚುಕ್ಕೆಯ ಬಿಸಿ ಅಷ್ಟು ಬೇಗ ತಗ್ಗಲ್ಲ. ಮೈಗೆ ಏನೂ ತಾಗದಷ್ಟು ದೂರದಲ್ಲೂ ಕಣ್ಣಿನ ಪರದೆ ಸುಡುತ್ತೆ. ಅದೂ ಕತ್ತಲಲ್ಲಿ ನಿಂತಿದ್ರಿ, ಪಾಪೆ ಅಗಲವಾಗಿ ತೆರೆದಿತ್ತು.”

ಕನ್ನಡಿಯಲ್ಲಿ ನೋಡಿದರೂ ಸುಡುತ್ತದೆಯೇ ಎಂದು ನಾನು ಕೇಳಿದೆ. ಕನ್ನಡಿ ಬೆಳಕಿನ ದಾರಿ ತಿರುಗಿಸುತ್ತದೆಯೇ ಹೊರತು ಬಿಸಿಯನ್ನು ನುಂಗುವುದಿಲ್ಲ ಎಂದರು. ಮೊದಲು ಎಲ್ಲರಿಗೂ ಆಗುವ ಕುರುಡು ನಿಮಿಷಗಳಲ್ಲಿ ಕಳೆಯುತ್ತದೆ, ಸುಟ್ಟ ಕಲೆ ಮಾತ್ರ ಕಳೆಯುವುದಿಲ್ಲ ಎಂದೂ ಹೇಳಿದರು. ಈ ಎಡಗಣ್ಣಿನ ಪೊರೆಯೂ ಅದರಿಂದಲೇ ಬಂದಿತೇ ಎಂದು ಮಗಳು ಕೇಳಿದಳು. ಅಂಥ ಸಿಡಿತದ ಹತ್ತಿರವಿದ್ದು ವಿಕಿರಣ ತಾಗಿದವರಿಗೆ ವರ್ಷಗಳ ಮೇಲೆ ಪೊರೆ ಬಂದದ್ದುಂಟು. ಇಪ್ಪತ್ತು ಮೈಲಿ ದೂರವಿದ್ದ ಇವರಿಗೆ ವಯಸ್ಸೇ ಸಾಕಾದ ಕಾರಣ ಎಂದರು.

ವಾರೆಯಣ್ಣ ಇದನ್ನೆಲ್ಲ ಕೇಳಿಸಿಕೊಂಡರೋ ಇಲ್ಲವೋ. ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು: “ನಾನು ಕೂಡ್ಲೇ ಮುಚ್ಚಿದ್ದಿದ್ರೆ?”

“ರೆಪ್ಪೆ ಎಷ್ಟೇ ಬೇಗ ಮುಚ್ಚಿದ್ರೂ ಕಾಲು ಸೆಕೆಂಡು ಬೇಕು. ಅಷ್ಟರೊಳಗೆ ಸುಟ್ಟಾಗಿರುತ್ತೆ. ಎದುರಿಗೆ ಕನ್ನಡಿ ಇದ್ರೆ ಯಾರ ಕಣ್ಣಾದ್ರೂ ತೆರೀತಿತ್ತು ಅಜ್ಜ. ಅದನ್ನ ಅಲ್ಲಿಂದ ಮೊದಲೇ ತೆಗೆಸಬೇಕಾಗಿದ್ದೋರು ಕಪ್ಪು ಕನ್ನಡಕ ಹಾಕ್ಕೊಂಡಿದ್ದೋರು.”

ನಲವತ್ತು ವರ್ಷ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ನನಗೆ ಹೊಳೆದಿರಲೇ ಇಲ್ಲ. ಅವರು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಪೊರೆ ತೆಗೆಸುವುದಕ್ಕೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಬೆಳಕು ಹಾಕುವಾಗ ಯಾರೂ ಎಣಿಸಬಾರದು. ಡಾಕ್ಟರಮ್ಮ ನಗದೆ ಒಪ್ಪಿಕೊಂಡರು.

ಆ ದಿನ ನಾನೂ ಮಗಳೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಈ ಸಲ ಹೊಲಿಗೆಯ ಕತ್ತರಿ ಮುಟ್ಟಿಸಲು ನಾನು ಹೆಂಡತಿಗೆ ಬಿಟ್ಟಿರಲಿಲ್ಲ. ಮಗಳು ನನ್ನ ತಲೆಯನ್ನೇ ನೋಡುತ್ತಿದ್ದಳು, ಬೆರಳುಗಳು ಚಡಪಡಿಸುತ್ತಿದ್ದವು. ಕತ್ತರಿ ತಂದಿದ್ದರೆ ಇಲ್ಲಿಯೇ ಸಮ ಮಾಡಿಬಿಡುತ್ತಿದ್ದೆ ಎಂದಳು. ಬೇಡಮ್ಮ, ಅಪ್ಪ ನೋಡಲಿ ಎಂದೆ. ಒಳಗಿನಿಂದ ಕರೆದುಕೊಂಡು ಬಂದಾಗ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಹೇಗಿತ್ತು ಎಂದು ಕೇಳಿದ್ದಕ್ಕೆ ಅವರು ಹೇಳಿದರು: “ಎಣಿಸದೆ ಬಂದ ಬೆಳಕು, ಮೇಷ್ಟ್ರೇ. ನೋಡ್ತಾ ಇದ್ದೆ. ಮುಚ್ಚಲಿಲ್ಲ.”

ಮರುದಿನ ಪಟ್ಟಿ ಬಿಚ್ಚಿದರು. ಮೊದಲು ಮಗಳನ್ನು ನೋಡಿದರು. ಅವಳ ಹಣೆಯ ಮೇಲೆ ಒಂದು ನರೆಗೂದಲನ್ನು ಕಂಡು, ಇದು ಯಾವಾಗ ಬಂತು ಎಂದು ಅದನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖ ಬಲಕ್ಕೆ ಹೊರಳಿತು, ಎಡಗಣ್ಣು ಮುಂದೆ ಬಂತು. ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಈ ತಲೆ ಇಟ್ಕೊಂಡು ಪಾಠ ಹೇಳಿದ್ರಾ?”

“ಎರಡು ವರ್ಷ” ಎಂದೆ.

“ಮಕ್ಕಳು ಏನೂ ಅನ್ಲಿಲ್ವಾ?”

“ನಿಮ್ಮ ಕೆಲಸ ಅಂತ ಗೊತ್ತಿತ್ತು ಅವಕ್ಕೆ.”

ಅವರು ನಕ್ಕರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನರ್ಸು ಬಂದು, ಹೊಸ ಕಣ್ಣಿಗೆ ನೀರು ಬರಿಸಬೇಡಿ ಎಂದು ಇಬ್ಬರನ್ನೂ ಗದರಿದಳು.

ಇದೆಲ್ಲ ನಡೆದು ಬಹಳ ವರ್ಷಗಳಾದವು. ಅಂಗಡಿಯ ಬಾಗಿಲು ಮತ್ತೆ ತೆರೆಯಿತು. ತೆರೆದ ದಿನ ವಾರೆಯಣ್ಣ ತರಕಾರಿಯಾಕೆಯನ್ನು ಕರೆದು, ಇನ್ನು ಮುಂದೆ ಸುಳ್ಳು ಹೇಳಿದವರಿಗೆ ಕಿಟಕಿಯ ಬಳಿ ನಿಲ್ಲುವ ಅಧಿಕಾರವಿಲ್ಲ ಎಂದು ಎಲ್ಲರ ಪರವಾಗಿ ಅವಳಿಗೇ ಬೈದರು. ಆಮೇಲೆ ಹತ್ತು ವರ್ಷ ದುಡಿದು, ಕೈ ನಡುಗತೊಡಗಿದಾಗ ತಾವಾಗಿಯೇ ಕತ್ತಿಯನ್ನು ಮಗಳಿಗೆ ಕೊಟ್ಟರು. ಈ ಸಲ ಯಾರೂ ಹೇಳಬೇಕಾಗಲಿಲ್ಲ. ಕಾಫಿಯ ಲೋಟದಲ್ಲಿ ತಮಗೇ ಕಂಡಿತ್ತು.

ಈಗ ಅಂಗಡಿ ಮಗಳದು. ಗಂಡಸರೂ ಹೆಂಗಸರೂ ಅಲ್ಲಿಗೇ ಬರುತ್ತಾರೆ. ಗೋಡೆಗೆ ಕನ್ನಡಿ ಹಾಕಲೇ ಎಂದು ಅವಳು ಕೇಳಿದಾಗ, ನಿನ್ನ ಅಂಗಡಿ, ನಿನ್ನಿಷ್ಟ ಎಂದರು. ಅವಳು ಹಾಕಿದಳು, ಪಕ್ಕದ ಗೋಡೆಗೆ. ಅಪ್ಪನ ಹಳೆಯ ಕುರ್ಚಿ ಮಾತ್ರ ಕಿಟಕಿಗೆ ಮುಖ ಮಾಡಿಯೇ ಇದೆ. ಹಿತ್ತಿಲಿನ ಗೂಡಿನಲ್ಲಿ ಈಗ ನಾಲ್ಕು ಮೊಲಗಳಿವೆ.

ವಾರೆಯಣ್ಣನಿಗೆ ಎಂಬತ್ತನಾಲ್ಕು. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿಯ ಹೊರಗೆ, ಬೀದಿಯ ಬದಿಯ ಬೆಂಚಿನ ಮೇಲೆ ಬಂದು ಕೂರುತ್ತಾರೆ. ಪಕ್ಕದಲ್ಲಿ ಜಾಗ ಬಿಟ್ಟಿರುತ್ತಾರೆ, ಅದು ನನ್ನದು. ಒಳಗೆ ಮಗಳು ಕತ್ತರಿ ನಿಲ್ಲಿಸಿ, “ಅಪ್ಪಾ, ಹೇಗಿದೆ?” ಎಂದಾಗ ಅವರು ಮುಖ ಬಲಕ್ಕೆ ತಿರುಗಿಸಿ, ಎಡಗಣ್ಣು ಮುಂದಿಟ್ಟು, ಗಾಜಿನಾಚೆಯ ತಲೆಯನ್ನು ನೋಡುತ್ತಾರೆ. ಸರಿಯಿದ್ದರೆ ಸರಿ ಎನ್ನುತ್ತಾರೆ. ಸಾಮಾನ್ಯವಾಗಿ ಸರಿಯಿರುವುದಿಲ್ಲ. ನಿನ್ನೆ ಕುರ್ಚಿಯಲ್ಲಿ ನಾನಿದ್ದೆ. ನನ್ನ ತಲೆಯಲ್ಲಿ ಈಗ ಎಣಿಸಿದರೆ ಇನ್ನೂರು ಕೂದಲಿರಬಹುದು. ತರಕಾರಿಯಾಕೆಯ ಮೊಮ್ಮಗಳೂ ಈಗಿನ ಅಂಚೆಯವನೂ ಒಪ್ಪಿಯಾಗಿತ್ತು. ವಾರೆಯಣ್ಣ ಕಿಟಕಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು.

“ಬಲಗಡೆ ಎರಡು ಕೂದಲು ಜಾಸ್ತಿ ಇದೆ ಮಗಳೇ,” ಎಂದರು. “ಬಟ್ಟೆ ಬಿಚ್ಚಬೇಡ.”